ಹಳೆಯ ಝೆನ್, ಘಟ್ಟದ ಮೇಲಿನ ಗಾಳಿ, ಇಂದಿನ ಪೆಟ್ರೋಲ್

ಹಳೆಯ ಕಾರಿನ ಎಂಜಿನ್‌ನಿಂದ ಇನ್ನಷ್ಟು ಶಕ್ತಿ ತೆಗೆಯಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಸೈಲೆನ್ಸರ್‌ಗೆ, ಆಮೇಲೆ ಏರ್ ಫಿಲ್ಟರ್‌ಗೆ. ಎರಡೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತವೆ, ಹಾಕಿಸಿದ ಮರುಕ್ಷಣವೇ ಶಬ್ದ ಬದಲಾಗುತ್ತದೆ, ಶಬ್ದ ಬದಲಾದರೆ ವೇಗವೂ ಹೆಚ್ಚಿದಂತೆ ತೋರುತ್ತದೆ. ಆದರೆ 1990ರ ದಶಕದ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಕಾರನ್ನು ಹಾಸನ, ಚಿಕ್ಕಮಗಳೂರು, ಬೆಂಗಳೂರಿನಂಥ ಎತ್ತರದ ಊರುಗಳಲ್ಲಿ ಇಟ್ಟುಕೊಂಡವರು ಕಳೆದುಕೊಳ್ಳುತ್ತಿರುವ ಶಕ್ತಿಯ ಬಹುಪಾಲು ಇರುವುದು ಬೇರೆ ಕಡೆ. ಆ ಎಂಜಿನ್ನನ್ನು ಕಾರ್ಖಾನೆಯಲ್ಲಿ ಹೊಂದಿಸಿದ್ದು ಅಂದಿನ ಪೆಟ್ರೋಲಿಗೆ ಮತ್ತು ತಗ್ಗಿನ ಬಯಲಿನ ದಟ್ಟ ಗಾಳಿಗೆ. ಇಂದು ಅದು ಉಸಿರಾಡುವ ಗಾಳಿಯೂ ಬೇರೆ, ಕುಡಿಯುವ ಪೆಟ್ರೋಲೂ ಬೇರೆ. ಇವೆರಡಕ್ಕೆ ಅದನ್ನು ಮತ್ತೆ ಹೊಂದಿಸುವುದೇ ಅತ್ಯಂತ ಅಗ್ಗದ, ಅತ್ಯಂತ ಫಲಕಾರಿಯಾದ ಮಾರ್ಪಾಡು ಎಂಬುದು ನನ್ನ ಅನುಭವದಿಂದ ಬಂದ ದೃಢ ಅಭಿಪ್ರಾಯ.

ನನ್ನದು ಮಾರುತಿ ಝೆನ್, ಕಾರ್ಬ್ಯುರೇಟರ್ ಇರುವ ಮಾದರಿ. 1993ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಎಂಜಿನ್ ಜಿ10ಬಿ ಎಂಬುದು. ಅಲ್ಯೂಮಿನಿಯಂ ಬ್ಲಾಕ್, ನಾಲ್ಕು ಸಿಲಿಂಡರ್, ಎಂಟು ವಾಲ್ವ್, 993 ಸಿಸಿ. ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 72 ಮಿಲಿಮೀಟರ್, ಸ್ಟ್ರೋಕ್ 61 ಮಿಲಿಮೀಟರ್. ಪಿಸ್ಟನ್ನಿನ ಓಟ ಇಷ್ಟು ಗಿಡ್ಡವಾಗಿರುವುದರಿಂದಲೇ ಈ ಎಂಜಿನ್ ಮೇಲಿನ ಆರ್‌ಪಿಎಂಗೆ ಹೋಗಲು ಹಿಂಜರಿಯುವುದಿಲ್ಲ; ಕಂಪನಿ ಹೇಳಿದ 50 ಬಿಎಚ್‌ಪಿ ಸಿಗುವುದೂ 6500 ಆರ್‌ಪಿಎಂನಲ್ಲಿಯೇ. ಕಾರಿನ ತೂಕ ಏಳುನೂರ ಚಿಲ್ಲರೆ ಕಿಲೋ. ಇಂದಿನ ಸಣ್ಣ ಕಾರುಗಳು ಇದಕ್ಕಿಂತ ಎಷ್ಟೋ ಭಾರ. ಹಾಗಾಗಿ ಝೆನ್‌ನಲ್ಲಿ ಮೂರು ಬಿಎಚ್‌ಪಿ ಮರಳಿ ಬಂದರೂ ಕಾಲಿನ ಕೆಳಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಮಾಡಬೇಕೆನ್ನುವವರಿಗೆ ಹಗುರ ಕಾರಿಗಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಮೊದಲು ಗಾಳಿಯ ಲೆಕ್ಕ. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಎತ್ತರದಲ್ಲಿದೆ. ಬೆಂಗಳೂರೂ ಹೆಚ್ಚುಕಡಿಮೆ ಅದೇ ಎತ್ತರ. ಈ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕ ಎಳೆದುಕೊಳ್ಳುತ್ತದೆಯಾದ್ದರಿಂದ, ಹೊಚ್ಚ ಹೊಸ ಝೆನ್ ಕೂಡ ಹಾಸನದಲ್ಲಿ 45 ಬಿಎಚ್‌ಪಿ ಆಸುಪಾಸಿನ ಕಾರೇ ಆಗಿತ್ತು. ಈ ನಷ್ಟವನ್ನು ಯಾವ ಫಿಲ್ಟರೂ ತುಂಬಿಕೊಡಲಾರದು. ಆದರೆ ಈ ತೆಳು ಗಾಳಿ ಒಂದು ಉಪಕಾರವನ್ನೂ ಮಾಡುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಯಾವುದನ್ನೂ ಹೊಸದಾಗಿ ಸೇರಿಸುವ ಮೊದಲು ಎಂಜಿನ್‌ನಲ್ಲಿ ಏನು ಉಳಿದಿದೆ ಎಂದು ತಿಳಿಯಬೇಕು. ಅದಕ್ಕೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಸಾಕು. ಬಿ.ಎಂ. ರಸ್ತೆಯ ಬದಿಯ ಗ್ಯಾರೇಜಿನಲ್ಲಿ ನನ್ನ ಕಾರು ನೋಡಿಕೊಳ್ಳುವ ಮೇಸ್ತ್ರಿ ಈ ಪರೀಕ್ಷೆಯನ್ನು ಮಾಡುವ ರೀತಿಯನ್ನು ನೋಡುವುದೇ ಒಂದು ಪಾಠ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಯಾವ ಪ್ಲಗ್ ಯಾವ ಸಿಲಿಂಡರಿನದೆಂದು ತಪ್ಪದಂತೆ ಹಳೆಯ ಪೇಪರಿನ ಮೇಲೆ ಸಾಲಾಗಿ ಇಡುತ್ತಾರೆ. ಕಾಯಿಲಿನ ತಂತಿ ಕಳಚುತ್ತಾರೆ. ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲು ಹೇಳುತ್ತಾರೆ. ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಹೋಗದೆ ಗೇಜ್ ಸುಳ್ಳು ಹೇಳುತ್ತದೆ. ನನ್ನ ಕಾರಿನಲ್ಲಿ ಮೂರು ಸಿಲಿಂಡರುಗಳು ಚದರ ಸೆಂಟಿಮೀಟರಿಗೆ ಹನ್ನೆರಡು ಕಿಲೋ ಆಸುಪಾಸು ತೋರಿಸಿದವು, ಮೂರನೇ ನಂಬರಿನದು ಮಾತ್ರ ಒಂಬತ್ತರಲ್ಲಿ ನಿಂತಿತು. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದಾಗಲೂ ಮುಳ್ಳು ಏಳಲಿಲ್ಲ. "ರಿಂಗ್ ಅಲ್ಲ ಸರ್ ಇದು, ವಾಲ್ವು. ಹೆಡ್ ಇಳಿಸ್ಲೇಬೇಕು," ಎಂದರು. ಆಯಿಲ್ ಬಿಟ್ಟಾಗ ಒತ್ತಡ ಏರಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ಅರ್ಥ, ಏಕೆಂದರೆ ಆಯಿಲ್ ಆ ಸಂದಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಏರದಿದ್ದರೆ ಸೋರಿಕೆ ಮೇಲೆ, ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿನಲ್ಲಿ ವಾಲ್ವ್ ಕೂರುವ ಜಾಗದಲ್ಲಿ ಇರುತ್ತದೆ.

ಇಲ್ಲಿಯೂ ಎತ್ತರದ ಲೆಕ್ಕವನ್ನು ಮರೆಯಬಾರದು. ಮಾರುತಿಯ ಈ ವರ್ಗದ ಎಂಜಿನ್ನುಗಳಿಗೆ ಹೊಸದರಲ್ಲಿ ಚದರ ಸೆಂಟಿಮೀಟರಿಗೆ 14 ಕಿಲೋ ಒತ್ತಡ, 12ಕ್ಕಿಂತ ಕೆಳಗಿಳಿದರೆ ದುರಸ್ತಿ ಎಂಬುದು ರೂಢಿಯ ಅಳತೆ. ಆ ಅಂಕಿಗಳು ಸಮುದ್ರಮಟ್ಟದವು. ಗಾಳಿಯೇ ಶೇಕಡಾ ಹತ್ತು ಕಡಿಮೆ ಇರುವಲ್ಲಿ ಹದಿನಾಲ್ಕು ಹನ್ನೆರಡೂವರೆಯಾಗುತ್ತದೆ, ಹನ್ನೆರಡರ ಗೆರೆ ಹನ್ನೊಂದರ ಹತ್ತಿರಕ್ಕೆ ಇಳಿಯುತ್ತದೆ. ಇದನ್ನು ತಿಳಿಯದೆ ಘಟ್ಟದ ಮೇಲಿನ ಊರುಗಳಲ್ಲಿ ಗಟ್ಟಿಮುಟ್ಟಾದ ಎಷ್ಟೋ ಎಂಜಿನ್ನುಗಳನ್ನು ಬೋರ್ ಮಾಡಿಸಿರಬಹುದೆಂದು ನನಗೆ ಬೇಸರವಾಗುತ್ತದೆ. ನೋಡಬೇಕಾದದ್ದು ಅಂಕಿಯ ಎತ್ತರಕ್ಕಿಂತ ಹೆಚ್ಚಾಗಿ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು; ಅದು ಒಂದು ಕಿಲೋ ಒಳಗಿದ್ದರೆ ಎಂಜಿನ್ ಸಮತೂಕದಲ್ಲಿದೆ ಎನ್ನಬಹುದು.

ಹೆಡ್ ಇಳಿಸಲೇಬೇಕಾಗಿ ಬಂದ ದಿನವೇ ಹೆಡ್ಡಿನ ಕೆಲಸ ಮಾಡಿಸಿಕೊಳ್ಳಬೇಕು, ಅದಕ್ಕಾಗಿಯೇ ಇಳಿಸಬಾರದು ಎಂಬುದು ಕಡಿಮೆ ಖರ್ಚಿನ ಮಾರ್ಪಾಡಿನಲ್ಲಿ ನಾನು ಪಾಲಿಸುವ ನಿಯಮ. ಗ್ಯಾಸ್ಕೆಟ್, ಕೂಲಂಟ್, ಟೈಮಿಂಗ್ ಬೆಲ್ಟ್, ಕೂಲಿ ಎಲ್ಲವೂ ಹೇಗೂ ಖರ್ಚಾಗುತ್ತವೆ. ಅದರ ಮೇಲೆ ಸ್ವಲ್ಪ ಸೇರಿಸಿದರೆ ವಾಲ್ವ್ ಸೀಟನ್ನು ಮೂರು ಕೋನಗಳಲ್ಲಿ, ಅಂದರೆ ವಾಲ್ವ್ ಕೂರುವ 45 ಡಿಗ್ರಿಯ ಕಿರಿದಾದ ಪಟ್ಟಿಯ ಮೇಲೆ ಕೆಳಗೆ 30 ಮತ್ತು 60 ಡಿಗ್ರಿಯ ಇಳಿಜಾರು ಬರುವಂತೆ, ಲೇತ್‌ನವರು ಕತ್ತರಿಸಿಕೊಡುತ್ತಾರೆ. ವಾಲ್ವ್ ಸ್ವಲ್ಪವೇ ತೆರೆದಿರುವಾಗ ಗಾಳಿ ಆ ಅಂಚಿನಲ್ಲಿ ತಡವರಿಸದೆ ಹೊರಳುತ್ತದೆ. ಪೋರ್ಟಿಂಗ್ ಎಂದು ಒಳಗಿನ ದಾರಿಯನ್ನು ಅಗಲ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದು ಲೀಟರಿನ ಎಂಜಿನ್‌ಗೆ ದಾರಿ ಅಗಲವಾದಷ್ಟೂ ಗಾಳಿಯ ವೇಗ ಕುಗ್ಗಿ, ಊರೊಳಗೆ ಬೇಕಾದ ಕೆಳಗಿನ ಎಳೆತವೇ ಹೋಗುತ್ತದೆ. ಮ್ಯಾನಿಫೋಲ್ಡಿನ ಬಾಯಿ, ಗ್ಯಾಸ್ಕೆಟ್ಟಿನ ತೂತು, ಹೆಡ್ಡಿನ ಬಾಯಿ ಈ ಮೂರೂ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಅಂಚುಗಳನ್ನು ತಿದ್ದಿದರೆ ಸಾಕು. ಅಚ್ಚಿನಿಂದ ಬಂದ ಹೆಡ್ಡುಗಳಲ್ಲಿ ಒಂದೆರಡು ಮಿಲಿಮೀಟರಿನ ಮೆಟ್ಟಿಲು ಉಳಿದಿರುವುದು ಅಪರೂಪವೇನಲ್ಲ.

ಹೆಡ್ಡನ್ನು ಹೆರೆಸಿ ಕಂಪ್ರೆಶನ್ ಏರಿಸುವುದರ ಬಗ್ಗೆ ಲೆಕ್ಕ ಮಾಡಿ ಮಾತಾಡಬೇಕು. ಝೆನ್‌ನ ಒಂದು ಸಿಲಿಂಡರಿನ ಗಾತ್ರ ಸುಮಾರು 248 ಸಿಸಿ. ಕಂಪ್ರೆಶನ್ ಅನುಪಾತ 8.8 ಎಂದಿಟ್ಟುಕೊಂಡರೆ ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ ಸುಮಾರು 32 ಸಿಸಿ. ಅರ್ಧ ಮಿಲಿಮೀಟರ್ ಹೆರೆದರೆ ಹೆಚ್ಚೆಂದರೆ 2 ಸಿಸಿ ಕಡಿಮೆಯಾಗಿ ಅನುಪಾತ 9.3ರ ಹತ್ತಿರ ಬರುತ್ತದೆ. ದಹನಕೋಣೆಯ ಬಾಯಿ ಬೋರಿನಷ್ಟು ಅಗಲವಿಲ್ಲದಿದ್ದರೆ ಅದಕ್ಕಿಂತಲೂ ಕಡಿಮೆ. ಇದರಿಂದ ಸಿಗುವ ಲಾಭ ಶೇಕಡಾ ಒಂದೆರಡು. ಸಣ್ಣದು, ಆದರೆ ಎಲ್ಲ ಆರ್‌ಪಿಎಂಗಳಲ್ಲೂ ಸಿಗುತ್ತದೆ, ಮೈಲೇಜನ್ನೂ ಸ್ವಲ್ಪ ಸುಧಾರಿಸುತ್ತದೆ. ಇಲ್ಲಿ ತೆಳು ಗಾಳಿಯ ಉಪಕಾರ ಬರುತ್ತದೆ: ಸಿಲಿಂಡರಿನೊಳಗೆ ತುಂಬಿಕೊಳ್ಳುವ ಗಾಳಿ ಕಡಿಮೆ ಇರುವಾಗ ಅದನ್ನು ಅದುಮಿದರೆ ಹುಟ್ಟುವ ಒತ್ತಡವೂ ಕಡಿಮೆ, ಆದ್ದರಿಂದ ನಾಕಿಂಗ್ (ಜ್ವಾಲೆ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿಯುವುದು) ಆಗುವ ಸಾಧ್ಯತೆಯೂ ಕಡಿಮೆ. ಮಂಗಳೂರಿನ ಸೆಕೆಯಲ್ಲಿ ಅಂಜಿಕೊಂಡು ಮಾಡಬೇಕಾದ ಮಾರ್ಪಾಡನ್ನು ಹಾಸನದಲ್ಲಿ ಧೈರ್ಯವಾಗಿ ಮಾಡಬಹುದು. ನನ್ನ ಹೆಡ್ಡಿನ ಮೇಲ್ಮೈ ಸ್ವಲ್ಪ ಬಾಗಿದ್ದರಿಂದ ಅದನ್ನು ಮಟ್ಟಸ ಮಾಡಲು ಬೇಕಾದಷ್ಟನ್ನು ಮಾತ್ರ ಹೆರೆಸಿದೆ, ಏಕೆಂದರೆ ಈ ಕಾರು ವಾರದ ಕೊನೆಗೆ ಘಟ್ಟ ಇಳಿದು ಕರಾವಳಿಯಲ್ಲೂ ಓಡಬೇಕು.

ಈಗ ಕಾರ್ಬ್ಯುರೇಟರಿಗೆ ಬರೋಣ. ಹಣಕ್ಕಿಂತ ಹೆಚ್ಚಾಗಿ ತಿಳಿವಳಿಕೆ ಕೆಲಸ ಮಾಡುವುದು ಇಲ್ಲಿ. ಕಾರ್ಬ್ಯುರೇಟರ್ ಗಾಳಿಯ ತೂಕವನ್ನು ಅಳೆಯುವುದಿಲ್ಲ. ಗಂಟಲಿನಲ್ಲಿ ಹಾದುಹೋಗುವ ಗಾಳಿ ಹುಟ್ಟಿಸುವ ಸೆಳೆತಕ್ಕೆ ತಕ್ಕಷ್ಟು ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದ ಹಿತ್ತಾಳೆ ಬಿಡಿಭಾಗದ ಮೂಲಕ ಬಿಡುತ್ತದೆ, ಅಷ್ಟೆ. ಹೀಗಾಗಿ ಎತ್ತರಕ್ಕೆ ಹೋದಾಗ ಗಾಳಿಯ ಸಾಂದ್ರತೆ ಶೇಕಡಾ ಒಂಬತ್ತು ಕುಗ್ಗಿದರೆ ಪೆಟ್ರೋಲ್ ಅದರ ಅರ್ಧದಷ್ಟು, ಅಂದರೆ ಶೇಕಡಾ ನಾಲ್ಕೂವರೆ ಮಾತ್ರ ಕುಗ್ಗುತ್ತದೆ. ಫಲವಾಗಿ ಮಿಶ್ರಣದಲ್ಲಿ ಪೆಟ್ರೋಲ್ ಶೇಕಡಾ ನಾಲ್ಕೂವರೆ ಹೆಚ್ಚಾಗುತ್ತದೆ. ಘಟ್ಟದ ಮೇಲಿನ ಕಾರ್ಬ್ಯುರೇಟರ್ ಕಾರುಗಳ ಪ್ಲಗ್ ತುದಿ ಬೇಗ ಕಪ್ಪಾಗುತ್ತಿದ್ದುದಕ್ಕೆ ಒಂದು ಕಾರಣ ಇದೇ.

ಹಾಗಿತ್ತು, ಎಥನಾಲ್ ಬರುವವರೆಗೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದು ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುತ್ತದೆ. ಶೇಕಡಾ 20 ಬೆರೆತಾಗ ಬೇಕಾಗುವ ಗಾಳಿ 13.5 ಕಿಲೋಗೆ ಇಳಿಯುತ್ತದೆ. ಕಂಪ್ಯೂಟರ್ ಅಳೆದು ಇಂಧನ ಚಿಮ್ಮಿಸುವ ಹೊಸ ಎಂಪಿಎಫ್‌ಐ ಕಾರಿನಲ್ಲಿ ಸೈಲೆನ್ಸರ್ ಪೈಪಿನ ಸೆನ್ಸರ್ ಇದನ್ನು ಕಂಡುಕೊಂಡು ಇಂಧನವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿಗೆ ಆ ಕಣ್ಣಿಲ್ಲ. ಅದು ಹಳೆಯ ಜೆಟ್ಟಿನಿಂದ ಹಳೆಯ ಅಳತೆಯಲ್ಲೇ ಬಿಡುತ್ತದೆ, ಮಿಶ್ರಣ ಶೇಕಡಾ ಏಳೆಂಟು ತೆಳುವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಲು ಕಷ್ಟ, ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣದ ತಡವರಿಕೆ, ಏರಿನಲ್ಲಿ ಪಿಕಪ್ ಇಲ್ಲದಿರುವುದು, ಎಂಜಿನ್ ಬಿಸಿಯೇರುವುದು, ಇವೆಲ್ಲ "ಹಳೇ ಗಾಡಿ, ಹಾಗೇ" ಎಂದು ತಳ್ಳಿಹಾಕುವ ದೋಷಗಳಲ್ಲ.

ಎರಡು ಲೆಕ್ಕಗಳನ್ನು ಜೊತೆಗಿಟ್ಟು ನೋಡಿದರೆ ಸ್ವಾರಸ್ಯವಾದ ಸಂಗತಿ ಕಾಣುತ್ತದೆ. ಎತ್ತರವು ಮಿಶ್ರಣವನ್ನು ಶೇಕಡಾ ನಾಲ್ಕೂವರೆ ದಟ್ಟ ಮಾಡುತ್ತದೆ, ಎಥನಾಲ್ ಶೇಕಡಾ ಏಳೆಂಟು ತೆಳು ಮಾಡುತ್ತದೆ. ಹಾಸನದಲ್ಲಿ ಉಳಿಯುವ ಕೊರತೆ ಮೂರರ ಆಸುಪಾಸು ಮಾತ್ರ. ಅದೇ ಕಾರು, ಅದೇ ಜೆಟ್ಟು ಮಂಗಳೂರಿನಲ್ಲಿ ಪೂರ್ತಿ ಏಳೆಂಟರ ಕೊರತೆಯಲ್ಲಿ ಓಡುತ್ತದೆ. ಶಿರಾಡಿ ಇಳಿದು ಗುಂಡ್ಯ ದಾಟಿದ ಮೇಲೆ ಕಾರು ಚುರುಕಾಗುವ ಬದಲು ಇನ್ನಷ್ಟು ಒಣಗಿದಂತೆ ಓಡುತ್ತಿದ್ದುದಕ್ಕೆ ನನಗೆ ದೊರೆತ ವಿವರಣೆ ಇದು. ಪರಿಹಾರವೂ ಲೆಕ್ಕದಲ್ಲೇ ಇದೆ: ಜೆಟ್ಟಿನ ರಂಧ್ರದ ವ್ಯಾಸವನ್ನು ಶೇಕಡಾ 2 ಹೆಚ್ಚಿಸಿದರೆ ವಿಸ್ತೀರ್ಣ ಶೇಕಡಾ 4 ಹೆಚ್ಚುತ್ತದೆ. ಮೇಲಿನ ಊರಿನವರಿಗೆ ಒಂದೇ ಹೆಜ್ಜೆ ದೊಡ್ಡ ಜೆಟ್ ಸಾಕು, ಕರಾವಳಿಯವರಿಗೆ ಎರಡು ಹೆಜ್ಜೆ ಬೇಕಾಗಬಹುದು. ನಾನು ಎರಡರ ನಡುವಿನದನ್ನು ಆರಿಸಿಕೊಂಡೆ. ಇದರ ಖರ್ಚು ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಹೆಚ್ಚಲ್ಲ. ಒಂದು ಎಚ್ಚರಿಕೆ ಮಾತ್ರ: ಹಳೆಯ ಜೆಟ್ಟಿನೊಳಗೆ ತಂತಿ ತೂರಿಸಿ ಅಗಲ ಮಾಡಿಸಬೇಡಿ. ಹಿತ್ತಾಳೆ ಮೆದು ಲೋಹ. ಒಂದು ಗೀಚು ಬಿದ್ದರೂ ರಂಧ್ರದ ಆಕಾರ ಕೆಟ್ಟು ಅಳತೆ ತಪ್ಪುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಕಾರ್ಬ್ಯುರೇಟರಿನ ಬಿಡಿಭಾಗಗಳು ಇನ್ನೂ ಸಿಗುತ್ತವೆ. ಕಿಟ್ ಜೊತೆಗೆ ಫ್ಲೋಟಿನ ಸೂಜಿಯನ್ನೂ ಎರಡನೆಯ ಥ್ರಾಟಲ್ ತೆರೆಯುವ ಡಯಾಫ್ರಮ್ಮನ್ನೂ ಬದಲಿಸಿಕೊಳ್ಳಬೇಕು. ಆ ಡಯಾಫ್ರಮ್ ಹರಿದಿದ್ದರೆ ಎಂಜಿನ್ ತನ್ನ ಆಯುಷ್ಯವೆಲ್ಲ ಒಂದೇ ಮೂಗಿನ ಹೊಳ್ಳೆಯಲ್ಲಿ ಉಸಿರಾಡುತ್ತದೆ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಎಮಿಷನ್ ಟೆಸ್ಟ್ ಮಾಡಿಸಿದಾಗ ಕೊಡುವ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಶೇಕಡಾವಾರು ಇರುತ್ತದೆ; ನಮ್ಮ ಕಾಲದ ಕಾರುಗಳಿಗೆ ಮಿತಿ 3. ಪಾಸೋ ಫೇಲೋ ಎಂದಷ್ಟೇ ನೋಡಿ ಆ ಚೀಟಿಯನ್ನು ಡ್ಯಾಶ್‌ಬೋರ್ಡಿನಲ್ಲಿ ತುರುಕುವವರು ಅಮೂಲ್ಯ ಮಾಹಿತಿಯನ್ನು ಕಳೆದುಕೊಳ್ಳುತ್ತಾರೆ. ಅಂಕಿ ಮಿತಿಯ ಅಂಚಿನಲ್ಲಿದ್ದರೆ ಐಡಲ್ ಮಿಶ್ರಣ ದಟ್ಟ, ತೀರಾ ಸೊನ್ನೆಗೆ ಹತ್ತಿರವಿದ್ದು ಎಂಜಿನ್ ನಡುಗುತ್ತಿದ್ದರೆ ತೆಳು. ಇದು ಐಡಲ್ ಸ್ಥಿತಿಯ ಮಾತು. ಪೂರ್ತಿ ಆಕ್ಸಿಲರೇಟರಿನ ಕಥೆ ತಿಳಿಯಲು ಏರು ಹತ್ತಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಬೇಕು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣ ಮೊದಲಿನ ಕಂದುಬಣ್ಣಕ್ಕಿಂತ ತಿಳಿಯಾಗಿಯೇ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಮಿಶ್ರಣ ಸರಿಯಾದ ಮೇಲೆಯೇ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹೊತ್ತುವ ಗಳಿಗೆ. ಈ ಕಾರುಗಳು ಹುಟ್ಟಿದ ಕಾಲದಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣದ ಅಳತೆ, 87. ಆಮೇಲೆ ಅದು 88, 91 ಎಂದು ಏರಿ, ಇ20 ಪೆಟ್ರೋಲಿನಲ್ಲಿ 95ಕ್ಕೆ ಬಂದಿದೆ. ಎಥನಾಲಿನಲ್ಲಿ ಶಕ್ತಿಯ ಅಂಶ ಲೀಟರಿಗೆ ಮೂರನೇ ಒಂದರಷ್ಟು ಕಡಿಮೆ ಎಂಬುದು ನಿಜ, ಅದರಿಂದ ಮೈಲೇಜ್ ಇಳಿಯುವುದೂ ನಿಜ. ಆದರೆ ನಾಕಿಂಗ್ ತಡೆಯುವ ಈ ಗುಣ ಹಳೆಯ ಎಂಜಿನ್‌ಗೆ ಪುಕ್ಕಟೆಯಾಗಿ ಬಂದ ಕೊಡುಗೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಟೈಮಿಂಗ್ ಲೈಟ್ ಹಿಡಿದು, ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ ಎರಡು ಡಿಗ್ರಿ ಮುಂದಕ್ಕೆ ತಿರುಗಿಸಿದರೆ ಕಿಡಿ ಅಷ್ಟು ಬೇಗ ಹೊತ್ತುತ್ತದೆ. ಅದಕ್ಕೆ ಮೊದಲು ಡಿಸ್ಟ್ರಿಬ್ಯೂಟರ್ ಒಳಗಿನ ತೂಕದ ಬಿಲ್ಲೆಗಳು ತುಕ್ಕುಹಿಡಿಯದೆ ಆಡುತ್ತಿವೆಯೇ ಎಂದು ನೋಡಬೇಕು. ಪಕ್ಕದ ಸಣ್ಣ ಹೋಸನ್ನು ಕಳಚಿ ಬಾಯಿಂದ ಎಳೆದರೆ ಒಳಗಿನ ತಟ್ಟೆ ಟಿಕ್ ಎಂದು ಸರಿಯಬೇಕು, ನಾಲಿಗೆಯಿಂದ ಮುಚ್ಚಿ ಹಿಡಿದರೆ ಅಲ್ಲಿಯೇ ನಿಲ್ಲಬೇಕು. ಸರಿಯದಿದ್ದರೆ ವ್ಯಾಕ್ಯೂಮ್ ಡಯಾಫ್ರಮ್ ಹರಿದಿದೆ ಎಂದರ್ಥ. ನಾನು ಪರೀಕ್ಷೆ ಮಾಡಿದ್ದು ಕೆಂಪುಹೊಳೆ ದಾಟಿ ಮಾರನಹಳ್ಳಿಗೆ ಹತ್ತುವ ಏರಿನಲ್ಲಿ, ಮೂರನೇ ಗೇರಿನಲ್ಲಿ, ಕಿಟಕಿ ಇಳಿಸಿಕೊಂಡು. ಎಂಜಿನ್‌ನಿಂದ ಗೋಲಿ ಉರುಳಿಸಿದಂತೆ ಕಿಟಿಕಿಟಿ ಸದ್ದು ಬಂದರೆ ಅದೇ ನಾಕಿಂಗ್. ಕೂಡಲೇ ಕಾಲು ತೆಗೆದು, ಮರಳಿದ ಮೇಲೆ ಒಂದು ಡಿಗ್ರಿ ಹಿಂದಕ್ಕೆ ತರಬೇಕು. ಕೆಳಗಿನ ಏರಿನಲ್ಲಿ ಪರೀಕ್ಷಿಸುವುದೇ ಸರಿ, ಏಕೆಂದರೆ ಅಲ್ಲಿ ಗಾಳಿ ದಟ್ಟ; ಅಲ್ಲಿ ಸುಮ್ಮನಿರುವ ಎಂಜಿನ್ ದೋಣಿಗಾಲ್‌ನಲ್ಲಿ ಸದ್ದು ಮಾಡುವುದಿಲ್ಲ.

ಏರ್ ಫಿಲ್ಟರಿನ ವಿಷಯ ಬೇಗ ಮುಗಿಯುತ್ತದೆ. ಬಾನೆಟ್ಟಿನೊಳಗೆ ತೆರೆದಿಡುವ ಶಂಕುವಿನಾಕಾರದ ಫಿಲ್ಟರ್ ರೇಡಿಯೇಟರಿನ ಹಿಂದಿನ ಬಿಸಿ ಗಾಳಿಯನ್ನು ಎಳೆಯುತ್ತದೆ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇಕಡಾ ಒಂದು ಕುಗ್ಗುತ್ತದೆ. ಹೊರಗೆ 30 ಡಿಗ್ರಿ, ಒಳಗೆ 60 ಇದ್ದರೆ ನಷ್ಟ ಶೇಕಡಾ ಒಂಬತ್ತು. ಅಂದರೆ ಹಾಸನದಿಂದ ಇನ್ನೂ ಒಂದು ಘಟ್ಟ ಮೇಲೇರಿದಷ್ಟು. ಕಂಪನಿಯ ಪೆಟ್ಟಿಗೆಯನ್ನೇ ಉಳಿಸಿಕೊಂಡು, ಹೊಸ ಕಾಗದದ ಫಿಲ್ಟರ್ ಹಾಕಿ, ಅದರ ಮೂತಿಗೆ ಮುಂಭಾಗದಿಂದ ತಂಪು ಗಾಳಿ ತರುವ ಪೈಪ್ ಹರಿಯದಂತೆ ನೋಡಿಕೊಳ್ಳುವುದು ಉತ್ತಮ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತಗಳು ಏನನ್ನೂ ಮಾಡುವುದಿಲ್ಲ.

ಸೈಲೆನ್ಸರಿನ ವಿಷಯದಲ್ಲಿ ನನ್ನ ನಿಲುವು ಕಠಿಣವಾದದ್ದು. ಎಂಟು ವಾಲ್ವಿನ ಒಂದು ಲೀಟರ್ ಎಂಜಿನ್‌ಗೆ ಒಳ್ಳೆಯ ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಪೈಪುಗಳ ಜೋಡಣೆ) ಕೂಡ ಎರಡು ಮೂರು ಬಿಎಚ್‌ಪಿ ಕೊಟ್ಟರೆ ಹೆಚ್ಚು, ಅದೂ ಮೇಲಿನ ಆರ್‌ಪಿಎಂಗಳಲ್ಲಿ. ಅದಕ್ಕೆ ಪ್ರತಿಯಾಗಿ ಊರಿನ ಕಿವಿಗೆ ಕೊಡುವ ಹಿಂಸೆ ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ನಿಗದಿಪಡಿಸಿದ ಮೂಲ ಸ್ವರೂಪದಿಂದ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ನಮ್ಮಂಥವರು ಆರ್‌ಟಿಓ ಮುಂದೆ ಕಾರು ನಿಲ್ಲಿಸುವ ದಿನವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಪೈಪು ತುಕ್ಕು ಹಿಡಿದು ಸೋರುತ್ತಿದ್ದರೆ ಕಂಪನಿಯ ಅಳತೆಯದನ್ನೇ ಹಾಕಿಸಿ.

ಮಾರುತಿಯದೇ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ನನ್ನು ಝೆನ್‌ಗೆ ಕೂರಿಸುವ ಆಸೆ ಬಹಳ ಮಂದಿಗೆ ಇದೆ. ಎರಡೂ ಒಂದೇ ಕುಟುಂಬದವು, ಸ್ಪರ್ಧೆಗಳಲ್ಲಿ ಇಂಥ ಕಾರುಗಳು ಓಡಿವೆ, ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ನೂ ಸಿಗಬಹುದು. ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡುವ ಕಾರಿಗೆ ಅದು ಸೊಗಸಾದ ಮಾರ್ಪಾಡು. ರಸ್ತೆಯ ಕಾರಿಗೆ ಬೇರೆ ಸಾಮರ್ಥ್ಯದ ಎಂಜಿನ್ ಕೂರಿಸಿದರೆ ಆರ್‌ಸಿಗೂ ವಿಮೆಗೂ ತಾಳೆಯಾಗದೆ, ಅಪಘಾತವಾದ ದಿನ ಎದುರಿನವನಿಗೂ ನ್ಯಾಯ ಸಿಗದ ಸ್ಥಿತಿ ಬರಬಹುದು. ಆ ಕಾರಣಕ್ಕೇ ನಾನು ಅದನ್ನು ಬಿಟ್ಟೆ.

ಉಳಿದ ಹಣವನ್ನು ಎಂಜಿನ್ ಹೊರಗೆ ಹಾಕಿದೆ. ಮೊದಲು ಪೆಟ್ರೋಲ್ ಹೋಸುಗಳು: ಅಂದಿನ ರಬ್ಬರ್ ಎಥನಾಲಿಗೆ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಮತ್ತು ಅದು ಸೋರುವುದು ಬಿಸಿ ಮ್ಯಾನಿಫೋಲ್ಡಿನ ಆಸುಪಾಸಿನಲ್ಲಿ. ಟ್ಯಾಂಕಿನಿಂದ ಪಂಪಿನವರೆಗೆ, ಪಂಪಿನಿಂದ ಕಾರ್ಬ್ಯುರೇಟರಿನವರೆಗೆ ಎಥನಾಲ್ ತಡೆಯುವ ಹೋಸು ಹಾಕಿಸಿ, ಪಂಪಿನ ಡಯಾಫ್ರಮ್ಮನ್ನೂ ಬದಲಿಸಿದೆ. ಆಮೇಲೆ ಬ್ರೇಕ್: ಹಳೆಯ ಬ್ರೇಕ್ ಆಯಿಲ್ ವರ್ಷಗಳಿಂದ ತೇವ ಹೀರಿಕೊಂಡಿರುತ್ತದೆ, ಘಟ್ಟ ಇಳಿಯುವಾಗ ಬಿಸಿಯೇರಿ ಒಳಗೆ ಆವಿ ಹುಟ್ಟಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಳೆಯದನ್ನು ಪೂರ್ತಿ ಹೊರಹಾಕಿ ಹೊಸದು ತುಂಬಿಸಿ, ಮುಂದಿನ ಪ್ಯಾಡು, ಹಿಂದಿನ ಶೂ, ವೀಲ್ ಸಿಲಿಂಡರ್ ಮೂರನ್ನೂ ಒಟ್ಟಿಗೇ ಮಾಡಿಸಿದೆ. ಹೆಡ್ಡಿನ ಕೆಲಸಕ್ಕೆ ಆದ ಖರ್ಚಿಗಿಂತ ಇದು ಕಡಿಮೆಯಾಯಿತು. ಟೈರುಗಳನ್ನು ಕಂಪನಿ ಹೇಳಿದ ಅಳತೆಯಲ್ಲೇ ಉಳಿಸಿಕೊಂಡಿದ್ದೇನೆ. ಅಗಲವಾದ ಭಾರಿ ಚಕ್ರ ಹಾಕಿದರೆ, ಜೆಟ್ಟು ಮತ್ತು ಟೈಮಿಂಗಿನಿಂದ ಗಳಿಸಿದ್ದೆಲ್ಲ ಆ ತೂಕವನ್ನು ತಿರುಗಿಸುವುದಕ್ಕೇ ಹೋಗುತ್ತದೆ.